ಕೋಶವೇ ದೇಶವಾದಾಗ

‘ದೇಶ ಸುತ್ತು, ಕೋಶ ಓದು’ ಎಂಬುದು ಕನ್ನಡನಾಡಿನಲ್ಲಿ ಮನೆಮನೆಯ ಮಾತು. ಮನುಷ್ಯನಿಗೆ ತಿಳಿವಳಿಕೆ ಒದಗುವುದು ಸಂಚಾರದಿಂದ ಮತ್ತು ಅಧ್ಯಯನದಿಂದ ಎಂಬುದು ಇದರ ಅಭಿಪ್ರಾಯ. ಆದರೆ ಜನರು ಸಾಮಾನ್ಯವಾಗಿ ಇವೆರಡನ್ನೂ ಬೇರೆ ಬೇರೆ ಕೆಲಸಗಳೆಂದೇ ಎಣಿಸುತ್ತಾರೆ. ಸುತ್ತುವವನು ಸುತ್ತುತ್ತಾನೆ, ಓದುವವನು ಓದುತ್ತಾನೆ. ಇಂದು ವಿಮಾನಗಳು ದೂರವನ್ನು ಕುಗ್ಗಿಸಿವೆ. ನಗರವಾಸಿಗಳು ವಾರದ ಬಿಡುವಿನಲ್ಲಿ ಹೊರದೇಶವನ್ನು ಕಂಡು ಬರುತ್ತಾರೆ. ಹೋದ ಕಡೆಯಲ್ಲೆಲ್ಲ ಚಿತ್ರಗಳನ್ನು ತೆಗೆದುಕೊಂಡು, ಅಲ್ಲಿನ ತಿನಿಸನ್ನು ಸವಿದು, ನೆನಪಿಗಾಗಿ ಒಂದೆರಡು ವಸ್ತುಗಳನ್ನು ಕೊಂಡು ಹಿಂದಿರುಗಿದರೆ ಪ್ರವಾಸ ಮುಗಿಯಿತೆಂದು ತಿಳಿಯುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಓದದೆ ಸುತ್ತಿದವನಿಗೆ ತಮ್ಮ ಬಾಗಿಲನ್ನು ತೆರೆಯದ ನಾಡುಗಳು ಕೆಲವಿವೆ. ಅವುಗಳಲ್ಲಿ ಆರ್ಮೇನಿಯ ಒಂದು.

ಕಪ್ಪು ಸಮುದ್ರಕ್ಕೂ ಕಾಸ್ಪಿಯನ್ ಸಮುದ್ರಕ್ಕೂ ನಡುವೆ, ಕಾಕಸಸ್ ಪರ್ವತಗಳ ದಕ್ಷಿಣದಲ್ಲಿರುವ ಈ ದೇಶ ಬಹು ಚಿಕ್ಕದು. ಅದರ ವಿಸ್ತಾರ ಸುಮಾರು 29,700 ಚದರ ಕಿಲೋಮೀಟರು. ಜನಸಂಖ್ಯೆ ಸುಮಾರು 30 ಲಕ್ಷ. ಕಡಲತೀರವಿಲ್ಲದ ಈ ಗುಡ್ಡನಾಡನ್ನು ಜಾರ್ಜಿಯ, ಅಜರ್‌ಬೈಜಾನ್, ಇರಾನ್ ಮತ್ತು ತುರ್ಕಿ ದೇಶಗಳು ಸುತ್ತುವರಿದಿವೆ. ರಾಜಧಾನಿಯಾದ ಎರೆವಾನ್ ನಗರದ ಅನೇಕ ಕಟ್ಟಡಗಳನ್ನು ಆ ನೆಲದಲ್ಲಿಯೇ ದೊರೆಯುವ ನಸುಗೆಂಪಿನ ಕಲ್ಲಿನಿಂದ ಕಟ್ಟಿರುವುದರಿಂದ, ಸಂಜೆಯ ಬಿಸಿಲಿನಲ್ಲಿ ಊರಿಗೆ ಊರೇ ಗುಲಾಬಿಯ ಬಣ್ಣಕ್ಕೆ ತಿರುಗುತ್ತದೆ. ಆಕಾಶ ತಿಳಿಯಾಗಿರುವ ದಿನ ನಗರದ ಹಿಂದೆ ಹಿಮದ ಕಿರೀಟವನ್ನು ಧರಿಸಿದ ಅರಾರತ್ ಪರ್ವತ ಎದ್ದು ಕಾಣುತ್ತದೆ. ಪ್ರವಾಸಿಗಳು ಮೊದಲು ಚಿತ್ರ ತೆಗೆಯುವುದು ಈ ಪರ್ವತವನ್ನೇ. ಆರ್ಮೇನಿಯದ ರಾಷ್ಟ್ರಲಾಂಛನದಲ್ಲಿ ಇದರ ಆಕೃತಿಯಿದೆ. ಆದರೆ 5,137 ಮೀಟರು ಎತ್ತರದ ಆ ಪರ್ವತ ಇಂದು ಇರುವುದು ಆರ್ಮೇನಿಯದಲ್ಲಿ ಅಲ್ಲ, ತುರ್ಕಿಯ ಗಡಿಯೊಳಗೆ. ಒಂದು ಜನಾಂಗ ತಾನು ಎಲ್ಲಕ್ಕಿಂತ ಹೆಚ್ಚಾಗಿ ಪ್ರೀತಿಸುವ ಪರ್ವತವನ್ನು ದಿನವೂ ಕಾಣುತ್ತದೆ. ಆದರೆ ಅದು ಮತ್ತೊಂದು ದೇಶದ ಪರ್ವತ. ಹೀಗೇಕಾಯಿತು ಎಂಬ ಪ್ರಶ್ನೆ ಮನಸ್ಸಿನಲ್ಲಿ ಹುಟ್ಟದಿದ್ದರೆ, ಆ ಚಿತ್ರ ಬರಿಯ ಹಿಮದ ಗುಡ್ಡವೊಂದರ ಚಿತ್ರವಾಗಿ ಉಳಿಯುತ್ತದೆ. ಪ್ರಶ್ನೆ ಹುಟ್ಟಿದವನು ಇತಿಹಾಸದ ಹೊಸ್ತಿಲಲ್ಲಿ ನಿಲ್ಲುತ್ತಾನೆ.

ಆ ಇತಿಹಾಸ ಬಹಳ ಹಳೆಯದು. ಎರೆವಾನಿನ ಅಂಚಿನ ಒಂದು ದಿಣ್ಣೆಯಲ್ಲಿ 1950ರಲ್ಲಿ ಒಂದು ಶಿಲಾಶಾಸನ ದೊರೆಯಿತು. ಕ್ರಿ.ಪೂ. 782ರಲ್ಲಿ ಉರಾರ್ತು ರಾಜ್ಯದ ದೊರೆಯಾದ ಮೊದಲನೆಯ ಆರ್ಗಿಷ್ಟಿ ಎರೆಬುನಿ ಎಂಬ ಕೋಟೆಯನ್ನು ಕಟ್ಟಿಸಿದ ಸಂಗತಿಯನ್ನು ಆ ಶಾಸನ ತಿಳಿಸುತ್ತದೆ. ರೋಮ್ ನಗರದ ಸ್ಥಾಪನೆಗೆ ಪರಂಪರೆ ಹೇಳುವ ವರ್ಷ ಕ್ರಿ.ಪೂ. 753. ಎಂದರೆ ಎರೆಬುನಿ ರೋಮಿಗಿಂತಲೂ 29 ವರ್ಷ ಹಿರಿಯದು. ಮುಂದೆ ಕ್ರಿ.ಪೂ. ಮೊದಲನೆಯ ಶತಮಾನದಲ್ಲಿ ಮಹಾ ತಿಗ್ರಾನನೆಂಬ ಅರಸನ ಆಳ್ವಿಕೆಯಲ್ಲಿ ಆರ್ಮೇನಿಯ ದೊಡ್ಡ ಸಾಮ್ರಾಜ್ಯವಾಗಿ ಬೆಳೆಯಿತು. ಕ್ರಿ.ಶ. ನಾಲ್ಕನೆಯ ಶತಮಾನದ ಆರಂಭದಲ್ಲಿ—ಪರಂಪರೆಯ ಪ್ರಕಾರ 301ರಲ್ಲಿ—ಅರಸನಾದ ತ್ರ್‌ದಾತನು ಸಂತ ಗ್ರೆಗೊರಿಯ ಬೋಧನೆಗೆ ಮನಸೋತು ಕ್ರೈಸ್ತಮತವನ್ನು ರಾಜ್ಯದ ಮತವನ್ನಾಗಿ ಅಂಗೀಕರಿಸಿದನು. ಹಾಗೆ ಮಾಡಿದ ದೇಶಗಳಲ್ಲಿ ತಮ್ಮದೇ ಮೊದಲನೆಯದೆಂದು ಆರ್ಮೇನಿಯನರು ಹೆಮ್ಮೆಪಡುತ್ತಾರೆ.

ಸಾಮ್ರಾಜ್ಯಗಳ ಏಳುಬೀಳು ಎಲ್ಲ ದೇಶಗಳಲ್ಲಿಯೂ ಇದ್ದದ್ದೇ. ಆರ್ಮೇನಿಯವನ್ನು ಇತರ ದೇಶಗಳಿಂದ ಬೇರ್ಪಡಿಸುವ ಘಟನೆ ನಡೆದದ್ದು ಅದರ ವೈಭವದ ಕಾಲದಲ್ಲಿ ಅಲ್ಲ, ಅದು ಕುಸಿಯುತ್ತಿದ್ದ ಕಾಲದಲ್ಲಿ. ಕ್ರಿ.ಶ. 387ರಲ್ಲಿ ರೋಮ್ ಮತ್ತು ಪರ್ಷಿಯ ಸಾಮ್ರಾಜ್ಯಗಳು ಆರ್ಮೇನಿಯವನ್ನು ತಮ್ಮೊಳಗೆ ಹಂಚಿಕೊಂಡವು. ಆ ಜನರಿಗೆ ಸ್ವಂತ ಭಾಷೆಯಿತ್ತು. ಅದಕ್ಕೆ ಸ್ವಂತ ಲಿಪಿ ಇರಲಿಲ್ಲ. ಬರೆಯಬೇಕಾದರೆ ಗ್ರೀಕ್, ಸಿರಿಯಕ್ ಅಥವಾ ಪಾರಸಿಕ ಭಾಷೆಯನ್ನು ಆಶ್ರಯಿಸಬೇಕಾಗಿತ್ತು. ದೇವಾಲಯದಲ್ಲಿ ಓದುತ್ತಿದ್ದ ಧರ್ಮಗ್ರಂಥ ಕೇಳುತ್ತಿದ್ದ ಜನರಿಗೆ ಅರ್ಥವಾಗುತ್ತಿರಲಿಲ್ಲ. ಹೀಗೆಯೇ ಮುಂದುವರಿದಿದ್ದರೆ ಎರಡು ಮೂರು ತಲೆಮಾರುಗಳಲ್ಲಿ ಪಶ್ಚಿಮದವರು ಗ್ರೀಕರಲ್ಲಿಯೂ ಪೂರ್ವದವರು ಪಾರಸಿಕರಲ್ಲಿಯೂ ಕರಗಿಹೋಗುತ್ತಿದ್ದರು.

ಈ ಅಪಾಯವನ್ನು ಕಂಡವನು ಮೆಸ್ರೊಪ್ ಮಷ್ತೋತ್ಸ್. ಮೊದಲು ಅರಮನೆಯಲ್ಲಿ ಲಿಪಿಕಾರನಾಗಿದ್ದು, ಅನಂತರ ಸಂನ್ಯಾಸವನ್ನು ಸ್ವೀಕರಿಸಿದ ಈತನು, ಹಳ್ಳಿಗಳಲ್ಲಿ ಸಂಚರಿಸುತ್ತ ಧರ್ಮವನ್ನು ಬೋಧಿಸುವಾಗ ಜನರ ಕಷ್ಟವನ್ನು ಪ್ರತ್ಯಕ್ಷವಾಗಿ ಅರಿತನು. ಅರಸನಾದ ವ್ರಮ್‌ಶಾಪುಹ್ ಮತ್ತು ಧರ್ಮಗುರುವಾದ ಸಾಹಕ್ ಇವರ ಬೆಂಬಲದೊಡನೆ ದೂರದ ವಿದ್ಯಾಕೇಂದ್ರಗಳಿಗೆ ಹೋಗಿ, ವಿದ್ವಾಂಸರನ್ನು ಕಂಡು, ತನ್ನ ಭಾಷೆಯ ಒಂದೊಂದು ಧ್ವನಿಯನ್ನೂ ಅಳೆದು ತೂಗಿ, ಸುಮಾರು ಕ್ರಿ.ಶ. 405ರಲ್ಲಿ 36 ಅಕ್ಷರಗಳ ವರ್ಣಮಾಲೆಯನ್ನು ರಚಿಸಿದನು. ಕೆಲವು ಶತಮಾನಗಳ ಅನಂತರ ಎರಡು ಅಕ್ಷರಗಳು ಇದಕ್ಕೆ ಸೇರಿದವು. ಸಾವಿರದ ಆರುನೂರು ವರ್ಷಗಳು ಕಳೆದರೂ ಆರ್ಮೇನಿಯನರು ಬಳಸುತ್ತಿರುವುದು ಆ ಲಿಪಿಯನ್ನೇ. ಮಷ್ತೋತ್ಸನ ಶಿಷ್ಯರು ಗ್ರೀಕ್ ಮತ್ತು ಸಿರಿಯಕ್ ಭಾಷೆಗಳಿಂದ ಗ್ರಂಥಗಳನ್ನು ಅನುವಾದಿಸಿದರು. ಸ್ವತಂತ್ರ ಕೃತಿಗಳನ್ನೂ ಬರೆದರು. ಐದನೆಯ ಶತಮಾನವನ್ನು ಆರ್ಮೇನಿಯನ್ ಸಾಹಿತ್ಯದ ಸುವರ್ಣಯುಗವೆಂದು ಕರೆಯುತ್ತಾರೆ.

ಇಲ್ಲಿ ವರ್ಷಗಳನ್ನು ಗಮನಿಸಬೇಕು. ಲಿಪಿ ಹುಟ್ಟಿದ ಸುಮಾರು 23 ವರ್ಷಗಳಿಗೆ, ಎಂದರೆ 428ರಲ್ಲಿ, ಆರ್ಮೇನಿಯದ ರಾಜಮನೆತನ ಅಳಿಯಿತು. 451ರಲ್ಲಿ ಅವರಾಯ್ರ್ ಎಂಬ ಬಯಲಿನಲ್ಲಿ ವರ್ದಾನ್ ಮಾಮಿಕೋನ್ಯಾನನೆಂಬ ಸೇನಾಪತಿ ಪರ್ಷಿಯದ ದೊಡ್ಡ ಸೈನ್ಯವನ್ನು ಎದುರಿಸಿ ಮಡಿದನು. ಕಿರೀಟ ಹೋಯಿತು, ಯುದ್ಧವೂ ಕೈಬಿಟ್ಟಿತು. ಆದರೆ ಅಷ್ಟು ಹೊತ್ತಿಗೆ ಅಕ್ಷರ ಜನರ ಕೈ ಸೇರಿತ್ತು. ಮಷ್ತೋತ್ಸನು ಒಂದು ತಲೆಮಾರಿನಷ್ಟು ತಡವಾಗಿ ಹುಟ್ಟಿದ್ದರೆ ಏನಾಗುತ್ತಿತ್ತೋ ಹೇಳುವುದು ಕಷ್ಟ. ಓಷಕಾನ್ ಎಂಬ ಊರಿನಲ್ಲಿ ಆತನ ಸಮಾಧಿಯಿದೆ. ಅಕ್ಷರಾಭ್ಯಾಸ ಮಾಡುವ ಎಳೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ವಾಡಿಕೆಯಿದೆ. ದಂಡನಾಯಕರ ಸಮಾಧಿಗಳಿಗೆ ಗೌರವ ಸಲ್ಲಿಸುವ ದೇಶಗಳು ಅನೇಕ. ವರ್ಣಮಾಲೆಯನ್ನು ಕೊಟ್ಟವನ ಸಮಾಧಿಗೆ ಮಕ್ಕಳು ಹೋಗುವ ದೇಶಗಳು ವಿರಳ.

ಹೀಗೆ ದೊರೆತ ಅಕ್ಷರವನ್ನು ಆ ಜನರು ಎಷ್ಟು ಜತನದಿಂದ ಕಾಪಾಡಿಕೊಂಡರು ಎಂಬುದನ್ನು ಎರೆವಾನಿನ ಮತೆನದರಾನ್ ಎಂಬ ಗ್ರಂಥಭಂಡಾರದಲ್ಲಿ ಕಾಣಬಹುದು. ಮಷ್ತೋತ್ಸನ ಹೆಸರಿನ ರಾಜಬೀದಿಯ ತುದಿಯಲ್ಲಿ, ಬೆಟ್ಟದ ಇಳಿಜಾರಿನಲ್ಲಿ, ಕೋಟೆಯಂತೆ ನಿಂತಿರುವ ಆ ಕಟ್ಟಡದಲ್ಲಿ 17,000ಕ್ಕೂ ಹೆಚ್ಚು ಹಸ್ತಪ್ರತಿಗಳಿವೆ. ಲಿಪಿಕಾರರು ಗ್ರಂಥದ ಕೊನೆಯಲ್ಲಿ ತಮ್ಮ ಹೆಸರು, ಊರು, ಬರೆದ ವರ್ಷ, ಆಗ ನಾಡಿಗೆ ಒದಗಿದ್ದ ಕಷ್ಟ ಇವನ್ನೆಲ್ಲ ನಮೂದಿಸುವ ಪದ್ಧತಿಯಿತ್ತು. ಇಂಥ ಬರಹಗಳಿಂದಲೇ ಎಷ್ಟೋ ಯುದ್ಧಗಳ, ಬರಗಾಲಗಳ ವಿಷಯ ಇಂದಿನವರಿಗೆ ತಿಳಿದಿದೆ. ಶತ್ರುಗಳು ಊರನ್ನು ಸೂರೆಮಾಡಿದಾಗ ಗ್ರಂಥಗಳನ್ನೂ ಸೆರೆಯಾಳುಗಳಂತೆ ಒಯ್ಯುತ್ತಿದ್ದರು. ಜನರು ಹಣ ಕೂಡಿಸಿ ಅವನ್ನು ಬಿಡಿಸಿ ತರುತ್ತಿದ್ದರು.

ಅಲ್ಲಿರುವ ಒಂದು ಗ್ರಂಥದ ಕಥೆಯನ್ನು ಎಲ್ಲರೂ ತಿಳಿಯಬೇಕು. 1200ರಿಂದ 1202ರವರೆಗೆ ಚರ್ಮದ ಹಾಳೆಗಳ ಮೇಲೆ ಬರೆದ ಉಪದೇಶಗಳ ಸಂಗ್ರಹ ಅದು. ಆರ್ಮೇನಿಯನ್ ಹಸ್ತಪ್ರತಿಗಳಲ್ಲೆಲ್ಲ ಅತ್ಯಂತ ದೊಡ್ಡದಾದ ಅದರ ತೂಕ ಸುಮಾರು 28 ಕಿಲೋಗ್ರಾಂ. ಅದು ಶತಮಾನಗಳ ಕಾಲ ಮುಷ್ ಎಂಬ ಪ್ರದೇಶದ ಮಠವೊಂದರಲ್ಲಿತ್ತು. 1915ರಲ್ಲಿ ಆ ಪ್ರದೇಶದ ಆರ್ಮೇನಿಯನರ ಮೇಲೆ ಘೋರವಾದ ವಿಪತ್ತು ಬಂದೆರಗಿತು. ಪ್ರಾಣ ಉಳಿಸಿಕೊಳ್ಳಲು ಓಡುತ್ತಿದ್ದ ಇಬ್ಬರು ಮಹಿಳೆಯರಿಗೆ ಹಾಳಾದ ಮಠದಲ್ಲಿ ಈ ಗ್ರಂಥ ಕಾಣಿಸಿತು. ಹೊರಲಾರದ ಭಾರ, ಬಿಟ್ಟುಹೋಗಲು ಮನಸ್ಸಿಲ್ಲ. ಅವರು ಅದನ್ನು ಎರಡು ಭಾಗಮಾಡಿ ಒಬ್ಬೊಬ್ಬರು ಒಂದೊಂದು ಭಾಗವನ್ನು ಹೊತ್ತುಕೊಂಡು ನಡೆದರು. ಒಂದು ಭಾಗ ಆರ್ಮೇನಿಯನರ ಧರ್ಮಕ್ಷೇತ್ರವಾದ ಎಚ್ಮಿಯಾದ್ಜಿನ್ನಿಗೆ ಬಂದು ಸೇರಿತು. ಮತ್ತೊಂದು ಭಾಗವನ್ನು ದಾರಿಯಲ್ಲಿ ಎರ್ಜುರುಮಿನ ಮಠದ ಬಳಿ ಹೂಳಲಾಯಿತು. ಮುಂದೆ ಅದೂ ದೊರೆತು, ಇಂದು ಎರಡೂ ಭಾಗಗಳು ಮತೆನದರಾನಿನಲ್ಲಿ ಒಂದಾಗಿವೆ. ಮನೆಯನ್ನು ಬಿಟ್ಟು ಓಡುವವರು ಸಾಮಾನ್ಯವಾಗಿ ಅನ್ನವನ್ನೋ ಒಡವೆಯನ್ನೋ ಕಟ್ಟಿಕೊಂಡು ಹೋಗುತ್ತಾರೆ. ಆ ಮಹಿಳೆಯರು ತಲೆಯ ಮೇಲೆ ಸಾವು ತೂಗುತ್ತಿರುವಾಗ ಪುಸ್ತಕವನ್ನು ಹೊತ್ತರು. ಪರಂಪರೆ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ಬೇಕೆ? ಹಳೆಯದಾದುದೆಲ್ಲ ಪರಂಪರೆಯಾಗುವುದಿಲ್ಲ. ಯಾರೋ ಕಷ್ಟಪಟ್ಟು ಹೊತ್ತು ತಂದು ಮುಂದಿನವರ ಕೈಗಿತ್ತದ್ದು ಮಾತ್ರ ಪರಂಪರೆಯಾಗುತ್ತದೆ.

1915ರ ವಿಪತ್ತು ಆ ಜನಾಂಗದ ಇತಿಹಾಸದಲ್ಲಿಯೇ ಅತ್ಯಂತ ದಾರುಣವಾದುದು. ಆಟೊಮನ್ ಸಾಮ್ರಾಜ್ಯದಲ್ಲಿದ್ದ ಆರ್ಮೇನಿಯನರಲ್ಲಿ ಹತ್ತರಿಂದ ಹದಿನೈದು ಲಕ್ಷ ಮಂದಿ ಕೊಲೆ, ಹಸಿವು ಮತ್ತು ಮರುಭೂಮಿಯ ದಾರಿಯಲ್ಲಿನ ಬಲವಂತದ ನಡಿಗೆಗಳಲ್ಲಿ ಮಡಿದರೆಂದು ಅನೇಕ ಇತಿಹಾಸಕಾರರು ಅಂದಾಜು ಮಾಡಿದ್ದಾರೆ. ಏಪ್ರಿಲ್ 24ರಂದು ಮೊದಲು ಬಂಧನಕ್ಕೊಳಗಾದವರಲ್ಲಿ ಕವಿಗಳು, ಪತ್ರಕರ್ತರು ಮತ್ತು ವಿದ್ವಾಂಸರು ಹೆಚ್ಚಾಗಿದ್ದರು. ಅಕ್ಷರದಿಂದ ಬದುಕಿದ ಜನಾಂಗವನ್ನು ಅಳಿಸಬೇಕಾದರೆ ಮೊದಲು ಅಕ್ಷರವಂತರನ್ನೇ ಅಳಿಸಬೇಕೆಂಬುದು ಬಂಧಿಸಿದವರಿಗೂ ತಿಳಿದಿತ್ತು. ಹಾಗೆ ಸೆರೆಯಾದವರಲ್ಲಿ ಕೊಮಿತಾಸ್ ಎಂಬ ಸಂಗೀತಜ್ಞನೂ ಒಬ್ಬ. ತಬ್ಬಲಿಯಾಗಿ ಎಚ್ಮಿಯಾದ್ಜಿನ್ನಿನ ವಿದ್ಯಾಲಯಕ್ಕೆ ಬಂದಾಗ ಆ ಬಾಲಕನಿಗೆ ಆರ್ಮೇನಿಯನ್ ಭಾಷೆಯೇ ಬರುತ್ತಿರಲಿಲ್ಲ. ತುರ್ಕಿ ಭಾಷೆ ಮಾತ್ರ ಬರುತ್ತಿತ್ತು. ಮುಂದೆ ಅದೇ ಬಾಲಕ ಹಳ್ಳಿಹಳ್ಳಿ ಅಲೆದು, ರೈತರ ಬಾಯಿಂದ ಸಾವಿರಾರು ಜನಪದಗೀತೆಗಳನ್ನು ಕೇಳಿ ಬರೆದುಕೊಂಡನು. ಸೆರೆಯಿಂದ ಬಿಡುಗಡೆಯಾದರೂ ಕಣ್ಣಾರೆ ಕಂಡ ಕ್ರೌರ್ಯದಿಂದ ಆತನ ಮನಸ್ಸು ಮುರಿಯಿತು. 1935ರಲ್ಲಿ ಪ್ಯಾರಿಸಿನ ಬಳಿ ಚಿಕಿತ್ಸಾಲಯದಲ್ಲಿ ತೀರಿಕೊಂಡನು. ಆತನು ಸಂಗ್ರಹಿಸಿದ ಹಾಡುಗಳಲ್ಲಿ ಬಹುಭಾಗ ಕಳೆದುಹೋಯಿತು. ಉಳಿದವನ್ನು ಆರ್ಮೇನಿಯನರು ಇಂದಿಗೂ ಹಾಡುತ್ತಾರೆ. ಎರೆವಾನಿನ ಗುಡ್ಡವೊಂದರ ಮೇಲೆ 1967ರಲ್ಲಿ ನಿರ್ಮಿಸಿದ ಸ್ಮಾರಕದಲ್ಲಿ ಹನ್ನೆರಡು ಕಲ್ಲಿನ ಗೋಡೆಗಳು ನಡುವಣ ನಂದಾಜ್ವಾಲೆಯತ್ತ ಬಾಗಿ ನಿಂತಿವೆ. ಪ್ರತಿವರ್ಷ ಏಪ್ರಿಲ್ 24ರಂದು ಸಹಸ್ರಾರು ಜನರು ಅಲ್ಲಿಗೆ ನಡೆದು ಹೋಗಿ ಹೂವನ್ನಿಡುತ್ತಾರೆ.

ಆರ್ಮೇನಿಯವನ್ನು ಕಾಣಬಯಸುವ ಭಾರತೀಯನು ಅಷ್ಟು ದೂರ ಹೋಗಲೇಬೇಕೆಂಬ ನಿರ್ಬಂಧವೂ ಇಲ್ಲ. ಹದಿನೇಳನೆಯ ಶತಮಾನದ ಆರಂಭದಲ್ಲಿ ಪರ್ಷಿಯದ ದೊರೆಯಾದ ಷಾ ಅಬ್ಬಾಸನು ಜುಘಾ ಎಂಬ ಸಮೃದ್ಧವಾದ ಪಟ್ಟಣದ ಆರ್ಮೇನಿಯನರನ್ನು ಬಲಾತ್ಕಾರವಾಗಿ ಎಬ್ಬಿಸಿ ತನ್ನ ರಾಜಧಾನಿಯಾದ ಇಸ್ಫಹಾನಿನ ಬಳಿ ನೆಲೆಗೊಳಿಸಿದನು. ಅವರು ಆ ಹೊಸ ಊರಿಗೂ ಹಳೆಯ ಊರಿನ ಹೆಸರನ್ನೇ ಇಟ್ಟರು. ಅಲ್ಲಿಂದ ರೇಷ್ಮೆ ಮತ್ತು ರತ್ನಗಳ ವ್ಯಾಪಾರಕ್ಕಾಗಿ ಹೊರಟವರು ಸೂರತ್, ಆಗ್ರಾ, ಕಲ್ಕತ್ತ, ಮದರಾಸುಗಳಿಗೆ ಬಂದರು. ಮದರಾಸಿನಲ್ಲಿ ಅಡ್ಯಾರ್ ನದಿಗೆ 1726ರಲ್ಲಿ ಸೇತುವೆಯನ್ನು ಕಟ್ಟಿಸಿದವನು ಪೆಟ್ರಸ್ ಉಸ್ಕಾನ್ ಎಂಬ ಆರ್ಮೇನಿಯನ್ ವರ್ತಕ. ಅದೇ ನಗರದಲ್ಲಿ ನೆಲೆಸಿದ್ದ ಶಹಮಿರ್ ಶಹಮಿರ್ಯಾನ್ ಎಂಬ ಮತ್ತೊಬ್ಬ ವರ್ತಕ ಮುದ್ರಣಾಲಯವನ್ನು ಸ್ಥಾಪಿಸಿ, ಮುಂದೆಂದೋ ಸ್ವತಂತ್ರವಾಗಬೇಕಾದ ಆರ್ಮೇನಿಯಕ್ಕೆ ಒಂದು ಸಂವಿಧಾನದ ಕರಡನ್ನೇ ಅಚ್ಚುಹಾಕಿಸಿದನು. ದೇಶವಿಲ್ಲದ ಕಾಲದಲ್ಲಿ ದೇಶಕ್ಕೆ ಸಂವಿಧಾನ! ಆ ದೇಶ ಕೊಂಚ ಕಾಲ 1918ರಲ್ಲಿಯೂ, ಏಳು ದಶಕಗಳ ಸೋವಿಯತ್ ಆಡಳಿತದ ಅನಂತರ 1991ರಲ್ಲಿಯೂ ಸ್ವತಂತ್ರವಾಯಿತು.

ಇದಕ್ಕಿಂತಲೂ ಆಶ್ಚರ್ಯವಾದ ಸಂಗತಿ ಮತ್ತೊಂದಿದೆ. ಆರ್ಮೇನಿಯನ್ ಭಾಷೆಯ ಮೊಟ್ಟಮೊದಲ ಪತ್ರಿಕೆ ಹುಟ್ಟಿದ್ದು ಆರ್ಮೇನಿಯದಲ್ಲಿ ಅಲ್ಲ; 1794ರಲ್ಲಿ ಮದರಾಸಿನಲ್ಲಿ. ಅದರ ಹೆಸರು ‘ಅಜ್ದರಾರ್’. ಹಾರುತ್ಯುನ್ ಷ್ಮಾವೋನ್ಯಾನ್ ಎಂಬ ಪಾದ್ರಿ ಅದನ್ನು ನಡೆಸಿದನು. ಎರಡು ವರ್ಷಗಳಲ್ಲಿ 18 ಸಂಚಿಕೆಗಳು ಹೊರಬಂದು ಪತ್ರಿಕೆ ನಿಂತುಹೋಯಿತು. ಆದರೆ ಮಷ್ತೋತ್ಸನ ಅಕ್ಷರಗಳು, ಅವು ಹುಟ್ಟಿದ ನೆಲದಿಂದ ಸಾವಿರಾರು ಮೈಲಿ ದೂರದಲ್ಲಿ, ಬಂಗಾಳಕೊಲ್ಲಿಯ ತೀರದಲ್ಲಿ ಹೊಸ ಹುಟ್ಟು ಪಡೆದವು. ಚೆನ್ನೈಯ ಜಾರ್ಜ್ ಟೌನಿನಲ್ಲಿ ಆರ್ಮೇನಿಯನ್ ಬೀದಿ ಇಂದಿಗೂ ಇದೆ. 1772ರ ಆರ್ಮೇನಿಯನ್ ಚರ್ಚೂ ಇದೆ. ಅದರ ಅಂಗಳದಲ್ಲಿಯೇ ಆ ಪಾದ್ರಿಯ ಸಮಾಧಿಯಿದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಹಳೆಯ ನೋವನ್ನೂ ಹಳೆಯ ಹಿರಿಮೆಯನ್ನೂ ಹೀಗೆ ಕಾಪಾಡಿಕೊಂಡು ಬರುವುದು ಜನರನ್ನು ಹಿಂದಕ್ಕೆ ಎಳೆಯುವುದಿಲ್ಲವೇ? ನೆನಪು ದ್ವೇಷಕ್ಕೆ ಎಡೆಮಾಡುವುದಿಲ್ಲವೇ? ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಆರ್ಮೇನಿಯನರು ಕಡೆಯುವ ಖಚ್‌ಕಾರ್ ಎಂಬ ಶಿಲುಬೆಗಲ್ಲುಗಳು ಜಗತ್ಪ್ರಸಿದ್ಧವಾದವು. ಕಸೂತಿಯಂತೆ ಕಲ್ಲನ್ನು ಕೊರೆಯುವ ಆ ಕಲೆಯನ್ನು ಯುನೆಸ್ಕೊ 2010ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಮೇಲೆ ಹೇಳಿದ ಜುಘಾ ಪಟ್ಟಣದ ಹಳೆಯ ಶ್ಮಶಾನದಲ್ಲಿ ಅಂಥ ಕಲ್ಲುಗಳು ಸಾವಿರಾರು ಇದ್ದವು. ಇಂದು ಅಜರ್‌ಬೈಜಾನಿಗೆ ಸೇರಿದ ಆ ಸ್ಥಳದಲ್ಲಿ 1998ರಿಂದ 2006ರೊಳಗೆ ಅವುಗಳನ್ನು ನೆಲಸಮ ಮಾಡಲಾಯಿತು. ನಾಗೊರ್ನೊ-ಕರಬಾಖ್ ಪ್ರದೇಶಕ್ಕಾಗಿ ನಡೆದ ಹೋರಾಟದಲ್ಲಿ 1990ರ ದಶಕದಲ್ಲಿ ಲಕ್ಷಗಟ್ಟಲೆ ಅಜರ್‌ಬೈಜಾನಿಗಳು ಮನೆಮಠಗಳನ್ನು ಕಳೆದುಕೊಂಡರು. 2023ರಲ್ಲಿ ಲಕ್ಷಕ್ಕೂ ಮಿಕ್ಕ ಆರ್ಮೇನಿಯನರು ಅದೇ ಪ್ರದೇಶವನ್ನು ತೊರೆದು ಬಂದರು. ನೆನಪು ಎರಡು ಕಡೆಯೂ ಇದೆ. ಕಣ್ಣೀರೂ ಎರಡು ಕಡೆಯೂ ಇದೆ.

ಹಾಗೆಂದು ಮರೆವು ಇದಕ್ಕೆ ಮದ್ದಲ್ಲ. ತನ್ನ ಪರಂಪರೆಯ ಬೆಲೆಯನ್ನು ಅರಿತವನು ಇತರರ ಪರಂಪರೆಯ ಬೆಲೆಯನ್ನೂ ಅರಿಯಬೇಕು. ಅರಿಯದಿದ್ದರೆ ಅವನ ಪ್ರೀತಿ ಬರಿಯ ಒಣಹೆಮ್ಮೆ. ಎರೆವಾನಿನಲ್ಲಿ ಹದಿನೆಂಟನೆಯ ಶತಮಾನದ ನೀಲಿ ಮಸೀದಿಯೊಂದಿದೆ. ಒಂದು ಕಾಲದಲ್ಲಿ ಆ ನಗರದಲ್ಲಿ ಅನೇಕ ಮಸೀದಿಗಳಿದ್ದವು. ಇಂದು ಉಳಿದಿರುವುದು ಇದೊಂದೇ. ಸೋವಿಯತ್ ಕಾಲದಲ್ಲಿ ವಸ್ತುಸಂಗ್ರಹಾಲಯವಾಗಿದ್ದ ಅದನ್ನು 1990ರ ದಶಕದಲ್ಲಿ ಇರಾನಿನ ನೆರವಿನಿಂದ ದುರಸ್ತುಮಾಡಲಾಯಿತು. ಇಂದು ಅಲ್ಲಿ ಪ್ರಾರ್ಥನೆ ನಡೆಯುತ್ತದೆ. ಮತೆನದರಾನನ್ನು ನೋಡಿದ ಪ್ರವಾಸಿ ಆ ಮಸೀದಿಯ ಅಂಗಳದಲ್ಲಿಯೂ ಒಂದಿಷ್ಟು ಹೊತ್ತು ಕುಳಿತು ಬರಬೇಕು. ಅಳಿದುಹೋದ ಮಸೀದಿಗಳ ನಷ್ಟವೂ ಜುಘಾದ ಶಿಲುಬೆಗಲ್ಲುಗಳ ನಷ್ಟವೂ ಒಂದೇ ತೆರನಾದವು. ಎರಡನ್ನೂ ಕಂಡು ಮರುಗಬಲ್ಲವನಿಗೆ ಮಾತ್ರ ಇತಿಹಾಸವನ್ನು ಓದಿದ ಫಲ ದೊರೆತಂತೆ.

ಆದ್ದರಿಂದ ದೇಶ ಸುತ್ತಲು ಹೊರಡುವವರು ಕೈಚೀಲವನ್ನು ಸಿದ್ಧಪಡಿಸುವ ಮೊದಲು ಒಂದು ಪುಸ್ತಕವನ್ನಾದರೂ ಓದುವುದು ಒಳ್ಳೆಯದು. ಹಾಗೆ ಓದಿ ಹೋದವನಿಗೆ ಗಾರ್ನಿಯ ಕಂಬಗಳ ದೇಗುಲ, ಬಂಡೆಯನ್ನು ಕೊರೆದು ಮಾಡಿದ ಗೆಗಾರ್ದಿನ ಮಠ, ಏಪ್ರಿಕಾಟ್ ಮರದ ದುದುಕ್ ವಾದ್ಯದ ಇನಿದನಿ, ಮಣ್ಣಿನ ಒಲೆಯಲ್ಲಿ ಬೇಯುವ ಲವಾಶ್ ರೊಟ್ಟಿ ಎಲ್ಲವೂ ಬೇರೆಯದೇ ಆದ ಅರ್ಥದಿಂದ ತುಂಬಿಕೊಳ್ಳುತ್ತವೆ. ಅಷ್ಟು ದೂರ ಹೋಗಲಾರದವನು ಚೆನ್ನೈಗೆ ಹೋದಾಗ ಆ ಹಳೆಯ ಬೀದಿಯನ್ನು ಹುಡುಕಿಕೊಂಡು ಹೋಗಬಹುದು. ಚರ್ಚಿನ ಅಂಗಳದ ಸಮಾಧಿಗಲ್ಲುಗಳ ಮೇಲೆ ಕೊರೆದಿರುವ ಅಕ್ಷರಗಳನ್ನು ಓದಲು ಅವನಿಗೆ ಬಾರದಿರಬಹುದು. ಆದರೆ ಅವನ್ನು ರಚಿಸಿದವನಾರು, ಹೊತ್ತು ತಂದವರಾರು, ಅವು ಯಾವ ಬೆಟ್ಟದ ನಾಡಿನಿಂದ ಯಾವ ದಾರಿ ಹಿಡಿದು ಆ ಅಂಗಳಕ್ಕೆ ಬಂದವು ಎಂಬುದನ್ನು ಅರಿತವನು ಅಲ್ಲಿ ಒಂದು ನಿಮಿಷ ಸುಮ್ಮನೆ ನಿಲ್ಲುತ್ತಾನೆ. ದೇಶವನ್ನು ಸುತ್ತಿದ್ದೂ ಕೋಶವನ್ನು ಓದಿದ್ದೂ ಆಗ ಒಂದೇ ಆಗುತ್ತದೆ.